ಭಿನ್ನಗಣಿತದ ಶುದ್ಧಿಯೂ ದಶಾಂಶದ ಅಪಪಾಠವೂ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಫ್ರ್ಯಾಕ್ಷನ್’ ಎಂಬ ಭಿನ್ನರಾಶಿಯ ವ್ಯವಸ್ಥೆಯು 2008ನೆಯ ವರ್ಷದಿಂದ ಉಂಟು. ಅಂಶವನ್ನೂ ಛೇದವನ್ನೂ ಪೂರ್ಣಾಂಕಗಳಾಗಿಯೇ ಇಟ್ಟುಕೊಂಡು, ಎಳ್ಳಷ್ಟೂ ವ್ಯತ್ಯಾಸ ಬಾರದಂತೆ ಗಣಿಸುವುದು ಇದರ ಪ್ರತಿಜ್ಞೆ. ಆ ಪ್ರತಿಜ್ಞೆಯು ಎಷ್ಟರಮಟ್ಟಿಗೆ ನೆರವೇರಿದೆಯೆಂಬುದು ವಿಚಾರಾರ್ಹವಾಗಿದೆ.

ಹತ್ತರಲ್ಲೊಂದು ಪಾಲನ್ನು 1, 10 ಎಂದು ಎರಡು ಪೂರ್ಣಾಂಕಗಳಾಗಿ ಕೊಟ್ಟರೆ 1/10 ಎಂದೇ ಫಲ ಬರುತ್ತದೆ. ಅದನ್ನೇ 0.1 ಎಂದು ಕೊಟ್ಟರೆ 3602879701896397/36028797018963968 ಎಂಬ ವಿಕಟವಾದ ಭಿನ್ನವು ಹೊರಡುತ್ತದೆ. ನೋಡಿದವರು ಭಿನ್ನಗಣಿತವೇ ಕೆಟ್ಟಿತೆಂದು ಬಗೆಯುವುದು ಸಹಜ; ಆದರೆ ದೋಷವು ಅಲ್ಲಿಯದಲ್ಲ. ಗಣಕಯಂತ್ರವು ಇಂತಹ ದಶಾಂಶವನ್ನು ಫ್ಲೋಟಿಂಗ್ ಪಾಯಿಂಟ್ ರೀತಿಯಿಂದ ದ್ವಿಮಾನದ 53 ಅಂಕಗಳೊಳಗೆ ಅಡಕಮಾಡುತ್ತದೆ. ಹತ್ತರಲ್ಲಿ ಐದೆಂಬ ಅಪವರ್ತನವಿರುವುದರಿಂದ, ಎರಡರ ಘಾತವನ್ನೇ ಛೇದವಾಗಿ ಉಳ್ಳ ಯಾವ ಭಿನ್ನವೂ 1/10ಕ್ಕೆ ಸಮನಾಗಲಾರದು. ಆದಕಾರಣ ಯಂತ್ರವು ಅತ್ಯಂತ ಸಮೀಪದ ಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ. ಫ್ರ್ಯಾಕ್ಷನ್ನಿನ ಕೈಗೆ ಬರುವುದು ಅದೇ. ಅಪಪಾಠವುಳ್ಳ ಓಲೆಯನ್ನು ಅಕ್ಷರವೂ ತಪ್ಪದಂತೆ ಪ್ರತಿಮಾಡುವ ಲಿಪಿಕಾರನ ಸ್ಥಿತಿ ಇದು: ನಿಷ್ಠೆಯಲ್ಲಿ ಕೊರತೆಯಿಲ್ಲ, ಮಾತೃಕೆಯೇ ಕೆಟ್ಟಿದೆ. ಉದ್ಧರಣ ಚಿಹ್ನೆಗಳೊಳಗೆ ಬರಿಯ ಬರಹವಾಗಿ 0.1 ಎಂದು ಕೊಟ್ಟರೆ 1/10 ಸರಿಯಾಗಿಯೇ ದೊರೆಯುವುದು ಇದಕ್ಕೆ ಪ್ರಮಾಣ. ಛೇದಕ್ಕೆ ಮಿತಿಯಿಟ್ಟು ಸಮೀಪದ ಸರಳ ಭಿನ್ನವನ್ನು ಹುಡುಕುವ ಉಪಾಯವೂ ಉಂಟು. ಅದು ಸಂಪಾದಕನ ಊಹಾಪಾಠವೇ ಹೊರತು ಮೂಲಪಾಠವಲ್ಲ.

ಮೊದಲು ಈ ವ್ಯವಸ್ಥೆಯು ಫ್ಲೋಟಿಂಗ್ ಸಂಖ್ಯೆಯನ್ನು ನೇರವಾಗಿ ಸ್ವೀಕರಿಸುತ್ತಿರಲಿಲ್ಲ. ಪರಿವರ್ತನೆಯನ್ನು ಬೇರೆ ಹೆಸರಿನಿಂದ ಕೇಳಬೇಕಾಗಿತ್ತು. 2.7, 3.2ನೆಯ ಆವೃತ್ತಿಗಳಿಂದ ಆ ತಡೆಯು ತೊಲಗಿತು. ಇದನ್ನು ಸಮರ್ಥಿಸಬಹುದು: ವಿಕಟವಾದ ಭಿನ್ನವು ಅಡಗಿದ್ದ ದೋಷವನ್ನು ಬಯಲಿಗೆ ತರುತ್ತದೆ. ಸಮರ್ಥಿಸಲಾಗದ್ದು ಸಂಕಲನದ ನಿಯಮ. 1/10 ಎಂಬ ಶುದ್ಧ ಭಿನ್ನಕ್ಕೆ 0.2 ಎಂಬ ಫ್ಲೋಟಿಂಗ್ ಸಂಖ್ಯೆಯನ್ನು ಕೂಡಿದರೆ, ಯಾವ ಎಚ್ಚರಿಕೆಯೂ ಇಲ್ಲದೆ 0.30000000000000004 ಎಂಬ ಫ್ಲೋಟಿಂಗ್ ಸಂಖ್ಯೆಯೇ ಬರುತ್ತದೆ. ಭಿನ್ನದ ಶುದ್ಧಿಯು ಸದ್ದಿಲ್ಲದೆ ಅಳಿಯುತ್ತದೆ. ಅದೇ ಭಾಷೆಯ ‘ಡೆಸಿಮಲ್’ ವ್ಯವಸ್ಥೆಯು ಇಂತಹ ಸಂಕಲನವನ್ನು ದೋಷವೆಂದು ನಿರಾಕರಿಸುತ್ತದೆ. ಒಂದೇ ಮನೆಯಲ್ಲಿ ಎರಡು ನ್ಯಾಯ ನಡೆದಂತಾಯಿತು.

ಇಷ್ಟು ಸೂಕ್ಷ್ಮವಾದ ಅಂತರಕ್ಕೆ ಇಷ್ಟು ಚರ್ಚೆಯೇಕೆ ಎನ್ನುವವರಿಗೆ 1991ರ ಫೆಬ್ರವರಿ 25ರ ದುರಂತವೇ ಉತ್ತರ. ಅಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ರಕ್ಷಣಾವ್ಯವಸ್ಥೆಯು ಎದುರಾಳಿಯ ಕ್ಷಿಪಣಿಯನ್ನು ತಡೆಯದೆ 28 ಮಂದಿ ಸೈನಿಕರು ಮಡಿದರು. ಅದರ ಗಣನೆಯು ಫ್ಲೋಟಿಂಗ್ ಪಾಯಿಂಟಿನದಲ್ಲ, ಸ್ಥಿರಬಿಂದುವಿನದು. ಮೂಲವ್ಯಾಧಿಯು ಮಾತ್ರ ಒಂದೇ. ಸೆಕೆಂಡಿನ ಹತ್ತನೆಯ ಪಾಲನ್ನು 24 ದ್ವಿಮಾನ ಅಂಕಗಳಿಗೆ ಕತ್ತರಿಸಿದ್ದರಿಂದ, 100 ಗಂಟೆಗಳ ಓಟದಲ್ಲಿ ಕಾಲವು ಸುಮಾರು 0.34 ಸೆಕೆಂಡು ತಪ್ಪಿತ್ತು.

ಸಂಖ್ಯೆಯನ್ನು ಸಮೀಪಕ್ಕೆ ತರುವುದು ಅಪರಾಧವಲ್ಲ. ಯಂತ್ರಕ್ಕೆ ಅದು ಅನಿವಾರ್ಯ. ಸಮೀಪವಾದುದನ್ನು ಶುದ್ಧವಾದುದರೊಡನೆ ಗುರುತಿಲ್ಲದೆ ಬೆರೆಸುವುದೇ ಅಪರಾಧ. ಪಾಠಶುದ್ಧಿಯ ಶಾಸ್ತ್ರವನ್ನು ಬಲ್ಲವರಿಗೆ ಈ ನ್ಯಾಯವು ಹೊಸದೇನೂ ಅಲ್ಲ.