ಪಾರದರ್ಶಕ ಚಿತ್ರಗಳ ಬೆರಕೆ: ಬೆಳಕಿನ ಲೆಕ್ಕ, ಸಂಕೇತದ ಲೆಕ್ಕ

ಒಂದು ಚಿತ್ರದ ಮೇಲೆ ಅರೆಪಾರದರ್ಶಕವಾದ ಇನ್ನೊಂದು ಚಿತ್ರವನ್ನಿರಿಸಿ ಬೆರೆಸುವ ಕ್ರಮಕ್ಕೆ ಗಟ್ಟಿಯಾದ ಗಣಿತದ ನೆಲೆ ದೊರೆತದ್ದು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಮೇಲಿನ ಚಿತ್ರ ಪ್ರತಿ ಪಿಕ್ಸೆಲ್ಲಿನ ಎಷ್ಟು ಭಾಗವನ್ನು ಆವರಿಸಿದೆ ಎಂಬುದನ್ನು ಸೊನ್ನೆಯಿಂದ ಒಂದರೊಳಗಿನ ಅಂಕಿಯಲ್ಲಿ ಹೇಳುವ ‘ಆಲ್ಫಾ’ವನ್ನು ಆಧರಿಸಿ, ಮೇಲಿನ ಬಣ್ಣದಿಂದ ಅಷ್ಟು ಪಾಲನ್ನೂ ಕೆಳಗಿನದರಿಂದ ಉಳಿದ ಪಾಲನ್ನೂ ತೆಗೆದು ಕೂಡಿಸುವ ಆ ಸೂತ್ರ ಇಂದಿಗೂ ಹಳತಾಗಿಲ್ಲ. ಆದರೆ ಕೂಡಿಸುವ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿದ್ದಾಗ, ಅಂದರೆ ‘ರೇಖೀಯ’ವಾಗಿದ್ದಾಗ ಮಾತ್ರ ಆ ಮೊತ್ತ ನಿಜವಾದ ಬೆಳಕಿನ ಮೊತ್ತವಾಗುತ್ತದೆ, ರೂಢಿಯಲ್ಲಿ ಹೆಚ್ಚಾಗಿ ಮುರಿಯುವುದು ಈ ಷರತ್ತೇ.

ಸಾಮಾನ್ಯ ಚಿತ್ರಕಡತಗಳಲ್ಲಿರುವ ಅಂಕಿಗಳು ರೇಖೀಯವಲ್ಲ. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ, ಕಪ್ಪಿನ ಸಮೀಪದ ಛಾಯೆಗಳ ಸೂಕ್ಷ್ಮ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿ ಗುರುತಿಸುವುದರಿಂದ, ಅವುಗಳಿಗೆ ಹೆಚ್ಚು ಅಂಕಿಗಳನ್ನು ಮೀಸಲಿಡುವ ಬಾಗಿದ ಅಳತೆಯನ್ನು ಬಳಸುತ್ತದೆ; ಇದನ್ನೇ ಗಾಮಾ ಸಂಕೇತನ ಎನ್ನುತ್ತಾರೆ. ಶೇಖರಣೆಯ ಉಪಾಯವಾಗಿ ಇದು ಸಮರ್ಥನೀಯ. ಎಂಟು ಬಿಟ್‌ಗಳಲ್ಲಿ ರೇಖೀಯ ಮೌಲ್ಯಗಳನ್ನೇ ಇರಿಸಿದರೆ, ಕಪ್ಪಿನ ನಂತರದ ಮೊದಲ ಮೆಟ್ಟಿಲೇ ಎಸ್‌ಆರ್‌ಜಿಬಿಯ 13ರ ಮಟ್ಟಕ್ಕೆ ಜಿಗಿಯುವುದರಿಂದ ನಡುವಿನ ಗಾಢ ಛಾಯೆಗಳೆಲ್ಲ ಕಳೆದುಹೋಗುತ್ತವೆ.

ದೋಷವಿರುವುದು ಸಂಕೇತನದಲ್ಲಲ್ಲ, ಸಂಕೇತಗಳನ್ನೇ ಬೆಳಕೆಂದು ಭಾವಿಸಿ ಕೂಡಿಸುವುದರಲ್ಲಿ. ಕಪ್ಪಿನ ಮೇಲೆ ಬಿಳಿಯನ್ನು ಅರ್ಧ ಆಲ್ಫಾದೊಂದಿಗೆ ಇರಿಸಿದಾಗ ಸಂಕೇತದ ಲೆಕ್ಕ 128 ಎನ್ನುತ್ತದೆ. ಆದರೆ ಆ ಪಿಕ್ಸೆಲ್ ಹೊಮ್ಮಿಸುವುದು ಬಿಳಿಯ ಬೆಳಕಿನ ಸುಮಾರು 22 ಪ್ರತಿಶತವನ್ನಷ್ಟೆ. ಸರಿಯಾದ ಅರ್ಧಕ್ಕೆ 188 ಬೇಕು. ಹಸಿರಿನ ಮೇಲೆ ಕೆಂಪು ಬಂದಾಗ ಮಸುಕಾದ ಅಂಚಿನುದ್ದಕ್ಕೂ ಎರಡು ಬಣ್ಣಗಳಿಗೂ ಸೇರದ ಕಂದು ಪಟ್ಟಿ ಮೂಡುವುದಕ್ಕೆ ಇದೇ ಕಾರಣ.

ಇನ್ನೂ ಗಂಭೀರವಾದ ತೊಡಕು ಪರಿವರ್ತನೆಯದು. ಸಂಕೇತದ ಲೆಕ್ಕದಲ್ಲಿ ಅರ್ಧ ಆಲ್ಫಾ ಕೊಡುವ ಫಲಿತಾಂಶವನ್ನೇ ರೇಖೀಯ ಲೆಕ್ಕದಲ್ಲಿ ಪಡೆಯಬೇಕಾದರೆ, ಕಪ್ಪಿನ ಮೇಲಿನ ಬಿಳಿಗೆ ಸುಮಾರು 0.22 ಆಲ್ಫಾ ಸಾಕು, ಬಿಳಿಯ ಮೇಲಿನ ಕಪ್ಪಿಗೆ 0.78 ಬೇಕು. ಹಿನ್ನೆಲೆ ಬದಲಾದಂತೆ ಉತ್ತರವೂ ಬದಲಾಗುವುದರಿಂದ, ಒಂದು ಲೆಕ್ಕವನ್ನು ನಂಬಿ ರಚಿಸಿದ ಪಾರದರ್ಶಕ ಚಿತ್ರವನ್ನು ಇನ್ನೊಂದಕ್ಕೆ ನಿಷ್ಠವಾಗಿ ಒಗ್ಗಿಸುವ ಏಕೈಕ ಸೂತ್ರ ಇರಲಾರದು.

ಸಂಕೇತದ ಲೆಕ್ಕಕ್ಕೂ ತನ್ನ ನ್ಯಾಯವಿದೆ: ಕಪ್ಪಿನಿಂದ ಬಿಳಿಗೆ ಸಾಗುವ ಇಳಿಜಾರು ಅದರಲ್ಲೇ ಕಣ್ಣಿಗೆ ಸಮವಾಗಿ ಕಾಣುತ್ತದೆ, ಬಿಳಿಯ ಮೇಲಿನ ಕಪ್ಪು ಅಕ್ಷರಗಳು ರೇಖೀಯ ಲೆಕ್ಕದಲ್ಲಿ ತೆಳುವಾಗುವುದರಿಂದ, ಕನ್ನಡದ ಒತ್ತಕ್ಷರಗಳಂಥ ಸಣ್ಣ ಬಾಗುಗಳು ಕಿರಿಯ ಗಾತ್ರದಲ್ಲಿ ಸೊರಗುತ್ತವೆ. ಆದರೆ ಇವು ಕಣ್ಣಿನ ಗ್ರಹಿಕೆಗೆ ಸಂಬಂಧಿಸಿದ ವಿಶೇಷ ಸಂದರ್ಭಗಳೇ ಹೊರತು ಸಾಮಾನ್ಯ ನಿಯಮಕ್ಕೆ ಆಧಾರವಾಗಲಾರವು.

ಮಾನಕಗಳು ಈ ವಿವೇಚನೆಯನ್ನು ಸ್ಥಿರವಾಗಿ ಪಾಲಿಸಿಲ್ಲ. ಪಿಎನ್‌ಜಿಯ ವಿಧಿಗಳು ರೇಖೀಯ ಬೆರಕೆಯನ್ನೇ ಬಯಸುತ್ತವೆ. ಅದೇ ಕಡತವನ್ನು ಪುಟದಲ್ಲಿ ತೋರಿಸುವ ಬ್ರೌಸರ್‌ಗಳು ಸಾಮಾನ್ಯವಾಗಿ ಸಂಕೇತಗಳನ್ನೇ ಬೆರೆಸುತ್ತವೆ. ಎಸ್‌ವಿಜಿಯಲ್ಲಿ ಫಿಲ್ಟರುಗಳ ಮೂಲನಿಯಮ ರೇಖೀಯ, ಉಳಿದ ಬಣ್ಣಗಳದು ಎಸ್‌ಆರ್‌ಜಿಬಿ. ಇದಕ್ಕೆ ಹೋಲಿಸಿದರೆ ಸಿನಿಮಾ ಕೆಲಸಕ್ಕಾಗಿ ರೂಪುಗೊಂಡ ಓಪನ್‌ಇಎಕ್ಸ್‌ಆರ್, ರೇಖೀಯ ಮೌಲ್ಯಗಳನ್ನು 16 ಬಿಟ್ ತೇಲುಬಿಂದು ಅಂಕಿಗಳಲ್ಲಿ ಇರಿಸಿ, ಶೇಖರಣೆಗೂ ಲೆಕ್ಕಕ್ಕೂ ನಡುವಿನ ವಿರಸವನ್ನೇ ನಿವಾರಿಸಿದೆ. ಸಾಕಷ್ಟು ಬಿಟ್‌ಗಳು ಸುಲಭವಾಗಿ ದೊರೆಯುವ ಇಂದು ಬೆಳಕನ್ನು ಬೆಳಕಾಗಿಯೇ ಬೆರೆಸುವುದು ನಿಯಮವಾಗಬೇಕು, ಸಂಕೇತದ ಬೆರಕೆ ತಿಳಿದು ಮಾಡಿದ ಆಯ್ಕೆಯಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಪಾರದರ್ಶಕ ಕಡತವೂ ತನ್ನ ಆಲ್ಫಾ ಯಾವ ಲೆಕ್ಕಕ್ಕೆ ಸೇರಿದ್ದೆಂದು ತಾನೇ ಹೇಳುವಂತಾಗಬೇಕು.