ಪೆಟ್ಟಿಗೆಯೊಳಗಿನ ತಂಬೂರಿ

1979ರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರು ಎಂಜಿನಿಯರ್, ಕೊಳಲುವಾದಕರೂ ಹೌದು. ಆ ಪೆಟ್ಟಿಗೆಯ ಮೇಲೆ ನನಗೆ ಮುಗಿಯದ ಅಕ್ಕರೆ.

ಬರೀ ಷಡ್ಜ ಹೊರಡಿಸುವುದು ದೊಡ್ಡದಲ್ಲ. ಕಷ್ಟವಿರುವುದು ಜೀವಾಳಿಯಲ್ಲಿ. ಮರದ ತಂಬೂರಿಯಲ್ಲಿ ಕುದುರೆಯ ಮೇಲೆ, ತಂತಿಯಡಿಗೆ ಒಂದೆಳೆ ದಾರ ಸರಿಸುತ್ತಾರೆ. ತಂತಿ ಕುದುರೆಯ ಮೈ ಸವರುತ್ತಲೇ ಕಂಪಿಸುತ್ತದೆ. ಮೀಟು ಮೊದಲು, ನಾದ ಅರಳುವುದು ಆಮೇಲೆ. ಮಂದ್ರದ ತಂತಿಯಿಂದ ಯಾರೂ ನುಡಿಸದ ಸ್ವಯಂಭೂ ಗಾಂಧಾರ ತಾನಾಗಿ ಎದ್ದು ಬರುತ್ತದೆ. ತಂತಿಯೇ ಇಲ್ಲದ ಸರ್ಕ್ಯೂಟಿನಿಂದ ಆ ಅರಳುವಿಕೆಯನ್ನು ಹೊಮ್ಮಿಸಲು ಹೊರಟದ್ದು ಎಂಥ ಎದೆಗಾರಿಕೆ! ಕೊಳಲಿನಲ್ಲಿ ಪಳಗಿದ ಕಿವಿಯಿಲ್ಲದೆ ಇದು ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಸರದಿಯಂತೆ ಬರುತ್ತವೆ. ಪಂಚಮ ವರ್ಜ್ಯವಾದ ರಾಗಕ್ಕೆ ಮಧ್ಯಮ ಇಟ್ಟುಕೊಳ್ಳಬಹುದು. ಮೀಟಿನ ವೇಗಕ್ಕೇ ಒಂದು ತಿರುಪು. ಶ್ರುತಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ: ಪಕ್ಕದ ವೀಣೆಯ ಷಡ್ಜದೊಡನೆ ಗುದ್ದಾಡುತ್ತಿದ್ದ ಅಲೆಗಳು ನಿಧಾನವಾಗಿ, ಸಾವಕಾಶವಾಗಿ ಒಂದಾಗುತ್ತವೆ. ಮಳೆಗಾಲದ ತೇವಕ್ಕೂ ಶ್ರುತಿ ಇಳಿಯದು. ಬೆಳಗಿನ ಜಾವ ಒಬ್ಬರೇ ಸಾಧನೆಗೆ ಕೂರುವವರು ತಂಬೂರಿ ಮೀಟಲು ಇನ್ನೊಬ್ಬರನ್ನು ಎಬ್ಬಿಸಬೇಕಾಗಿಲ್ಲ.