ನಗಿಸಲಿಕ್ಕೆಂದೇ ಇರುವ ಪಾತ್ರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರದ ಒಂದು ಚಹಾದಂಗಡಿ. ಗೋಡೆಯ ಟಿವಿಯಲ್ಲಿ ಯಾವುದೋ ಸಿನಿಮಾದ ಹಾಸ್ಯದ ತುಣುಕು. ಹೂವಿನ ಅಂಗಿ ತೊಟ್ಟ ಗಂಡಸೊಬ್ಬ ಸೊಂಟ ಬಳುಕಿಸುತ್ತಾ ಬಂದು ನಾಯಕನ ಕೆನ್ನೆ ಸವರುತ್ತಾನೆ. ನಾಯಕ ಹೌಹಾರಿ ಓಡುತ್ತಾನೆ. ಹಮಾಲರು, ದಲಾಲರು, ನಾವು, ಎಲ್ಲರೂ ನಕ್ಕೆವು. ಅಷ್ಟರಲ್ಲಿ ಹೊರಗೆ ಮೆಲುನಡಿಗೆಯ ಹುಡುಗನೊಬ್ಬ ಹಾದುಹೋದ. 'ಲೇ ಒಂಬತ್ತು, ಎಲ್ಲಿಗ್ ಹೊಂಟೀಯೋ?' ಎಂದು ಒಳಗಿನಿಂದ ಕೂಗು. ಮತ್ತೆ ನಗು. ಟಿವಿಯ ನಗು ಎಲ್ಲಿ ಮುಗಿಯಿತು, ಬೀದಿಯ ನಗು ಎಲ್ಲಿ ಶುರುವಾಯಿತು ಎಂದು ನಮಗೆ ತಿಳಿಯಲಿಲ್ಲ.

ಆ ಹುಡುಗ ಸಲಿಂಗಿಯೋ ಅಲ್ಲವೋ ಕೂಗಿದವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೆಣ್ಣಿನಂತೆ ನಡೆಯುವ ಗಂಡಸು, ಹೆಣ್ಣಾಗಿಯೇ ಬದುಕುವ ಹಿಜಡಾ ಅಥವಾ ಜೋಗಪ್ಪ, ಗಂಡಸನ್ನು ಪ್ರೀತಿಸುವ ಗಂಡಸು, ಈ ಮೂವರನ್ನೂ ಸಿನಿಮಾ ಒಂದೇ ಚೀಲಕ್ಕೆ ತುಂಬಿ ಒಂದೇ ಹೆಸರು ಬರೆದಿದೆ. ಅದು ಮಾಡಿದ ದೊಡ್ಡ ಅನ್ಯಾಯ ಇದೇ ಎಂದು ನಮಗನಿಸುತ್ತದೆ.

ನಮ್ಮ ಸೀಮೆಯ ಪ್ರೇಕ್ಷಕ ಇಷ್ಟು ದಡ್ಡನಾಗಿರಲಿಲ್ಲ. ದೊಡ್ಡಾಟದಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದರು. ಜನ ನಗಲಿಲ್ಲ, ಅತ್ತರು. ಮರುದಿನ ಅದೇ ನಟ ಹೊಲದಲ್ಲಿ ಕುಂಟೆ ಹೊಡೆಯುವುದನ್ನೂ ಅವರು ನೋಡುತ್ತಿದ್ದರು. ಉಟ್ಟ ಬಟ್ಟೆಗೂ ಮನದ ಒಲವಿಗೂ ಗಂಟುಹಾಕಬಾರದೆಂಬ ವಿವೇಕ ಹಾವೇರಿ, ರಾಣೆಬೆನ್ನೂರಿನ ಬಯಲಿನಲ್ಲಿ ಕೂತವರಿಗಿತ್ತು. (ಹಿಂದಿನದೆಲ್ಲ ಚಿನ್ನವೆಂದು ಹೇಳುತ್ತಿಲ್ಲ. ಜೋಗಪ್ಪನಿಗೆ ಕೈಮುಗಿದವರೇ ಅವನನ್ನು ಮನೆಯೊಳಗೆ ಕರೆದವರಲ್ಲ.)

2003ರ 'ಕಲ್ ಹೋ ನಾ ಹೋ'ದಲ್ಲಿ ಇಬ್ಬರು ನಾಯಕರನ್ನು ಒಟ್ಟಿಗೆ ಕಂಡಾಗಲೆಲ್ಲ ಮನೆಗೆಲಸದ ಕಾಂತಾಬೆನ್ ಬೆಚ್ಚಿಬೀಳುತ್ತಾಳೆ. 2008ರ 'ದೋಸ್ತಾನಾ'ದಲ್ಲಿ ಬಾಡಿಗೆ ಮನೆಗಾಗಿ ಇಬ್ಬರು ಗೆಳೆಯರು ಪ್ರೇಮಿಗಳಂತೆ ನಟಿಸುತ್ತಾರೆ. ಇಬ್ಬರು ಗಂಡಸರ ಪ್ರೀತಿ ನಾಟಕವಾಗಿದ್ದರೆ ಸರಿ, ನಿಜವಾಗಿದ್ದರೆ ಮಾತ್ರ ತೊಂದರೆ! 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಹಾಸ್ಯದ ತುಣುಕುಗಳನ್ನು ಬರೆಯುವವರಿಗೆ ಆ ಸುದ್ದಿ ತಲುಪಿದಂತಿಲ್ಲ.

ಕನ್ನಡಕ್ಕೆ ಬೇರೆ ದಾರಿ ಗೊತ್ತಿಲ್ಲವೆಂದೇನಲ್ಲ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರದಲ್ಲಿ ಸಂಚಾರಿ ವಿಜಯ್ ಒಂದು ಜೀವದ ಸಂಕಟವನ್ನು ತೋರಿಸಿ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ಅದು ಹೆಣ್ಣಾಗಿ ಬದುಕಬಯಸಿದವಳ ಕಥೆ. ಗಂಡಸಾಗಿಯೇ ಇದ್ದು ಗಂಡಸನ್ನು ಪ್ರೀತಿಸುವವನ ಒಳಗು ಬೇಕಾದವರಿಗೆ ಸಂಡೂರಿನ ವಸುಧೇಂದ್ರರ 'ಮೋಹನಸ್ವಾಮಿ' 2013ರಿಂದಲೇ ಕೈಗೆ ಸಿಗುವಂತಿದೆ.

ಮಲಯಾಳಂನ 'ಕಾತಲ್' (2023) ನೋಡಿ. ಜಿಯೋ ಬೇಬಿ ನಿರ್ದೇಶನದ ಚಿತ್ರ. ಮಮ್ಮುಟ್ಟಿಯವರದು ಮ್ಯಾಥ್ಯೂ ಎಂಬ ನಡುವಯಸ್ಸು ದಾಟಿದ ಗೃಹಸ್ಥನ ಪಾತ್ರ. ಸ್ಥಳೀಯ ಚುನಾವಣೆಗೆ ನಿಂತಿದ್ದಾನೆ. ಹೆಂಡತಿ ವಿಚ್ಛೇದನ ಕೇಳಿದ್ದಾಳೆ, ಕಾರಣ ಅವನು ಸಲಿಂಗಿ. ಎಲ್ಲೂ ಕೈ ಬಳುಕುವುದಿಲ್ಲ, ದನಿ ಹೆಣ್ಣಾಗುವುದಿಲ್ಲ. ನಮ್ಮ ಬೀದಿಯ ಯಾರಾದರೂ ಆಗಬಹುದಾದ ಮನುಷ್ಯ. ಬಲವಂತದ ಮದುವೆ ಹೆಣ್ಣಿನ ಇಪ್ಪತ್ತು ವರ್ಷಗಳನ್ನು ಹೇಗೆ ತಿಂದುಹಾಕುತ್ತದೆ ಎಂಬುದನ್ನೂ ಚಿತ್ರ ಮರೆಯುವುದಿಲ್ಲ. ಗೇಲಿ ಮಾಡುವ ಚಿತ್ರಗಳಿಗೆ ಈ ಹೆಂಡತಿ ಕಣ್ಣಿಗೇ ಬೀಳುವುದಿಲ್ಲ.

ಪರದೆಯ ಮೇಲೆ ಒಂದೇ ಅಚ್ಚಿನಲ್ಲಿ ಎರಕಗೊಳ್ಳುವುದೆಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸುರ್ಮಾ ಹಚ್ಚಿದ ಭಯೋತ್ಪಾದಕ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಚಾಚಾ. ನಡುವೆ ಬೇರೆ ಮುಸ್ಲಿಮನಿಲ್ಲ. 2023ರ ಜನವರಿಯ ಹಾವೇರಿ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರನ್ನು ಕಡೆಗಣಿಸಿದರೆಂದು ಸಿಟ್ಟಾದೆವು, ಸರಿಯಾಗಿಯೇ ಸಿಟ್ಟಾದೆವು. ಅದೇ ನಾವು ಚಹಾದಂಗಡಿಯಲ್ಲಿ ನಕ್ಕೆವಲ್ಲ! ಧರ್ಮ ಏನೆನ್ನುತ್ತದೆ ಎಂದು ಕೆಲವು ಓದುಗರು ಕೇಳಿಯಾರು. ಸಂಬಂಧದ ವಿಧಿನಿಷೇಧ ಬೇರೆ ಚರ್ಚೆ. ಗೇಲಿ ಮಾಡುವುದನ್ನೂ ಅಡ್ಡಹೆಸರಿಡುವುದನ್ನೂ ಕುರ್‌ಆನಿನ ಹುಜುರಾತ್ ಅಧ್ಯಾಯ ತಡೆಯುತ್ತದೆ. ಇಂಥವರನ್ನು ಮಾತ್ರ ಗೇಲಿ ಮಾಡಬಹುದು ಎಂಬ ವಿನಾಯಿತಿ ಅಲ್ಲಿಲ್ಲ.

ಅಂದು ಚಹಾದ ದುಡ್ಡು ಕೊಟ್ಟು ಹೊರಬಂದಾಗ ಆ ಹುಡುಗ ಮೋಟೆಬೆನ್ನೂರು ರಸ್ತೆಯ ಕಡೆ ಹೋಗುತ್ತಿದ್ದ. ನಡಿಗೆ ಬದಲಾಗಿತ್ತು. ಕಾಲು ಅಗಲಿಸಿ, ಭುಜ ಸೆಟೆಸಿ, ಸಿನಿಮಾದ ನಾಯಕನಂತೆ ನಡೆಯಲು ಹೆಣಗುತ್ತಿದ್ದ.